ವಿಚಿತ್ರ ಆಕಾರದ ದೊಡ್ಡ ಪಾತ್ರೆಯ ಮೇಣದಬತ್ತಿ: ದೋಷ ಬತ್ತಿಯ ಗಾತ್ರದಲ್ಲಿದೆಯೋ, ಜಾಗದಲ್ಲಿದೆಯೋ?

ಒಂದು ಮೂಲೆಯಲ್ಲಿ ಎರಡು ಬೆರಳು ದಪ್ಪದ ಮೇಣ ಕರಗದೆ ಗೋಡೆಗೆ ಅಂಟಿಕೊಂಡು ನಿಂತಿದೆ. ಅದೇ ಪಾತ್ರೆಯ ಇನ್ನೊಂದು ಬದಿಯಲ್ಲಿ ಅಂಚಿಗೆ ಮಸಿ ಹಿಡಿದಿದೆ, ಕೈ ಇಟ್ಟರೆ ಸುಡುತ್ತದೆ. ಮೊದಲನೆಯದು ಬತ್ತಿ ಚಿಕ್ಕದಾದಾಗ ಕಾಣುವ ಲಕ್ಷಣ, ಎರಡನೆಯದು ಬತ್ತಿ ದೊಡ್ಡದಾದಾಗ ಕಾಣುವ ಲಕ್ಷಣ. ಎರಡೂ ಒಟ್ಟಿಗೆ ಕಂಡಾಗ ಬಹಳ ಜನ ಕರಗದ ಮೇಣವನ್ನಷ್ಟೇ ನೋಡಿ ಇನ್ನೂ ದಪ್ಪ ಬತ್ತಿ ಹಾಕುತ್ತಾರೆ. ಮೂಲೆಯ ಮೇಣ ಇದ್ದಲ್ಲೇ ಇರುತ್ತದೆ, ಮಸಿ ಮಾತ್ರ ಇಮ್ಮಡಿಯಾಗುತ್ತದೆ.

ಬತ್ತಿಯ ಪೊಟ್ಟಣದ ಜೊತೆ ಬರುವ ಗಾತ್ರದ ಪಟ್ಟಿಯನ್ನು ದುಂಡಗಿನ, ನೇರ ಗೋಡೆಯ, ನಡುವೆ ಒಂದೇ ಬತ್ತಿ ಇರುವ ಗಾಜಿನ ಲೋಟಕ್ಕೆಂದು ಮಾಡಿರುತ್ತಾರೆ. ಜ್ವಾಲೆ ತನ್ನ ಸುತ್ತಲೂ ಸಮನಾಗಿ ಶಾಖ ಕೊಡುತ್ತದೆ, ಹಾಗಾಗಿ ಮೇಣ ಕರಗುವುದೂ ವೃತ್ತಾಕಾರದಲ್ಲೇ. ಪಾತ್ರೆ ಚೌಕವಾಗಿರಲಿ, ದೋಣಿಯಂತಿರಲಿ, ಹೃದಯದಾಕಾರದಲ್ಲಿರಲಿ, ಜ್ವಾಲೆಗೆ ಅದರ ಪರಿವೆಯಿಲ್ಲ. ಆದ್ದರಿಂದ ಇಂಥ ಪಾತ್ರೆಗಳಲ್ಲಿ ಮೊದಲು ಸರಿಪಡಿಸಬೇಕಾದದ್ದು ಬತ್ತಿಯ ಜಾಗ, ಆಮೇಲೆ ಬತ್ತಿಗಳ ಸಂಖ್ಯೆ, ಕಟ್ಟಕಡೆಗೆ ಗಾತ್ರ. ಈ ಕ್ರಮ ತಿರುಗುಮುರುಗಾದರೆ ಎಷ್ಟು ಬತ್ತಿ ಬದಲಿಸಿದರೂ ದೋಷ ಜಾಗ ಬದಲಿಸುತ್ತದೆಯೇ ಹೊರತು ಹೋಗುವುದಿಲ್ಲ.

ಮುಂದೆ ಪದೇ ಪದೇ ಬರುವುದರಿಂದ, ಉರಿಯುವ ಬತ್ತಿಯ ಸುತ್ತ ಕರಗಿ ನಿಲ್ಲುವ ಮೇಣವನ್ನು ಮಡು ಎಂದು ಕರೆಯುತ್ತೇನೆ. ನಾಲ್ಕು ಗಂಟೆ ಉರಿಸಿ, ಆರಿಸಿ, ಪೂರ್ತಿ ತಣಿಯಲು ಬಿಟ್ಟು, ಬತ್ತಿ ಕತ್ತರಿಸಿ ಮತ್ತೆ ಹಚ್ಚಲು ಸಿದ್ಧ ಮಾಡುವಷ್ಟಕ್ಕೆ ಒಂದು ಸುತ್ತು ಎನ್ನೋಣ.

ಬತ್ತಿಯನ್ನು ದೂರುವ ಮೊದಲು

ಬತ್ತಿಯದಲ್ಲದ ತಪ್ಪುಗಳು ಬತ್ತಿಯ ತಲೆಗೆ ಬರುವುದು ಸಾಮಾನ್ಯ. ಇವನ್ನು ಬೇಗ ನೋಡಿ ಮುಗಿಸಬಹುದು.

ಹಚ್ಚುವ ಮೊದಲು ಬತ್ತಿ ಮೇಣದ ಮೇಲೆ ಸುಮಾರು 6 ಮಿ.ಮೀ. ಇರಬೇಕು. ಉದ್ದ ಬತ್ತಿ ಯಾವ ಗಾತ್ರದ್ದಾದರೂ ಹೊಗೆ ಕಾರುತ್ತದೆ. ಫ್ಯಾನ್, ಕಿಟಕಿ, ಜನ ಓಡಾಡುವ ದಾರಿ, ಈ ಮೂರರಿಂದ ದೂರ ಇಟ್ಟು ಇನ್ನೊಂದು ಸುತ್ತು ಉರಿಸಿ ನೋಡಿ. ಮಡು ಒಂದೇ ಕಡೆಗೆ ವಾಲಿದ್ದರೆ ಪಾತ್ರೆಯ ಹಿಂಬದಿ ಮುಂದೆ ಬರುವಂತೆ ತಿರುಗಿಸಿಡಿ. ವಾಲುವ ದಿಕ್ಕು ಪಾತ್ರೆಯ ಜೊತೆ ತಿರುಗಿದರೆ ತಪ್ಪು ಪಾತ್ರೆಯಲ್ಲೋ ಬತ್ತಿಯಲ್ಲೋ ಇದೆ. ಕೋಣೆಯ ಅದೇ ದಿಕ್ಕಿಗೆ ಉಳಿದರೆ ಗಾಳಿಯದೋ ಮೇಜಿನದೋ ಕೆಲಸ.

ಸೋಯಾ ಮೇಣ ಎರೆದ ಮರುದಿನವೇ ಹಚ್ಚಿ ತೀರ್ಪು ಕೊಡಬೇಡಿ. ಅದು ಗಟ್ಟಿಯಾದ ಮೇಲೂ ಒಂದೆರಡು ವಾರ ಒಳಗೊಳಗೇ ಬಿಗಿಯಾಗುತ್ತಿರುತ್ತದೆ, ಉರಿಯುವ ರೀತಿಯೂ ಅದರೊಂದಿಗೆ ಬದಲಾಗುತ್ತದೆ. ಬಣ್ಣಕ್ಕೆ ಮಕ್ಕಳ ಕ್ರೇಯಾನ್ ಕರಗಿಸಿ ಹಾಕಿದ್ದರೆ ಅಲ್ಲಿಗೇ ತನಿಖೆ ಮುಗಿಯಿತು. ಅದರ ಬಣ್ಣದ ಪುಡಿ ಮೇಣದಲ್ಲಿ ಕರಗುವುದಿಲ್ಲ, ಬತ್ತಿಯ ಎಳೆಗಳ ನಡುವೆ ಸಿಕ್ಕಿಕೊಂಡು ದಾರಿ ಕಟ್ಟುತ್ತದೆ. ಹೊಳಪಿಗೆ ಬೆರೆಸುವ ಮೈಕಾ ಪುಡಿಯೂ ಹಾಗೆಯೇ. ಸುಗಂಧ ತೈಲ ಮೇಣದ ತೂಕದ ಶೇಕಡಾ 6ರಿಂದ 10ರ ಒಳಗಿದ್ದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಆದರೆ ವೆನಿಲಾದಂಥ ಮಂದ ತೈಲಗಳು ಶೇಕಡಾ 8ರಲ್ಲೇ ಬತ್ತಿಯನ್ನು ಬಳಲಿಸಬಹುದು.

ಇನ್ನೊಂದು ಮಾತು. ಮಡು ಮೊದಲ ಸುತ್ತಿನಲ್ಲೇ ಗೋಡೆ ಮುಟ್ಟಬೇಕೆಂಬ ಹಟ ಬೇಡ. ದೊಡ್ಡ ಪಾತ್ರೆಯಲ್ಲಿ ಅದು ಎರಡನೆಯ ಅಥವಾ ಮೂರನೆಯ ಸುತ್ತಿಗೆ ಮುಟ್ಟಿದರೆ ಒಳ್ಳೆಯ ಲಕ್ಷಣ. ಮೊದಲ ಸಲಕ್ಕೇ ಅಂಚಿನವರೆಗೆ ಕರಗಿಸುವ ಬತ್ತಿ ಅರ್ಧ ಪಾತ್ರೆ ಖಾಲಿಯಾಗುವ ಹೊತ್ತಿಗೆ ಅತಿಯಾಗುತ್ತದೆ, ಏಕೆಂದರೆ ಆಗ ಮೇಣ ಕಡಿಮೆ, ಗೋಡೆಯೆಲ್ಲ ಬಿಸಿ, ಜ್ವಾಲೆಗೆ ಸುತ್ತಲೂ ಆಸರೆ. ಮೇಲೆ ಚೆನ್ನಾಗಿ ಉರಿದದ್ದನ್ನು ನೋಡಿ ಬತ್ತಿ ಸರಿಯಿದೆ ಎಂದವರು ತಳದ ಕಾಲು ಭಾಗವನ್ನು ನೋಡಿಲ್ಲ ಎಂದೇ ಅರ್ಥ.

ಪಾತ್ರೆಯ ನಕ್ಷೆ

ಪಾತ್ರೆಯ ಬಾಯಿಯನ್ನು ಮಾತ್ರ ಅಳೆದು ಬತ್ತಿ ಆರಿಸುವುದು ಎಲ್ಲರೂ ಮಾಡುವ ಕೆಲಸ. ಜ್ವಾಲೆ ಬಾಯಲ್ಲಿ ಇರುವುದು ಮೊದಲ ದಿನ ಮಾತ್ರ. ಅಲ್ಲಿಂದ ಅದು ದಿನೇ ದಿನೇ ಕೆಳಗಿಳಿಯುತ್ತದೆ, ಪ್ರತಿ ಎತ್ತರದಲ್ಲೂ ಬೇರೆ ಆಕಾರದ ಗೋಡೆಯನ್ನು ಎದುರಿಸುತ್ತದೆ. ಆ ಗೋಡೆಗಳನ್ನು ಮೊದಲೇ ನೋಡಿಬಿಡಲು ಒಂದು ಜಗ್ ನೀರು, ಒಂದು ಹಾಳೆ, ಒಂದು ಅಳತೆಪಟ್ಟಿ ಸಾಕು.

ಪಾತ್ರೆಯನ್ನು ಸಮತಟ್ಟಾದ ಮೇಜಿನ ಮೇಲಿಟ್ಟು, ಮೇಣ ತುಂಬಬೇಕೆಂದಿರುವ ಎತ್ತರದವರೆಗೆ ನೀರು ಹಾಕಿ. ಹಾಕಿದ ನೀರನ್ನು ಮಿಲಿಲೀಟರಿನಲ್ಲಿ ಬರೆದಿಟ್ಟುಕೊಳ್ಳಿ. ಅದನ್ನು 0.9ರಿಂದ ಗುಣಿಸಿದರೆ ಬೇಕಾಗುವ ಮೇಣ ಸುಮಾರು ಎಷ್ಟು ಗ್ರಾಂ ಎಂಬುದು ಗೊತ್ತಾಗುತ್ತದೆ. ಈಗ ನೀರಿನ ಮೇಲ್ಮೈಯ ಉದ್ದ, ನಾಲ್ಕಾರು ಜಾಗದಲ್ಲಿ ಅಗಲ, ಮೂಲೆಯಿಂದ ಮೂಲೆಗಿರುವ ದೂರ ಅಳೆದು ಅದರ ಅಂಚುಗೆರೆಯನ್ನು ಹಾಳೆಯ ಮೇಲೆ ನಿಜ ಅಳತೆಯಲ್ಲಿ ಬರೆಯಿರಿ. ನೀರನ್ನು ಅರ್ಧ ಎತ್ತರಕ್ಕೆ ಇಳಿಸಿ, ಅದೇ ಹಾಳೆಯಲ್ಲಿ ಒಳಗೆ ಎರಡನೆಯ ಗೆರೆ. ತಳದಿಂದ 2 ಸೆಂ.ಮೀ. ಉಳಿಯುವವರೆಗೆ ಇಳಿಸಿ, ಮೂರನೆಯ ಗೆರೆ. ಒಂದರೊಳಗೊಂದು ಮೂರು ಆಕಾರಗಳು ಸಿಗುತ್ತವೆ. ನೇರ ಗೋಡೆಯ ಪಾತ್ರೆಯಾದರೆ ಮೂರೂ ಒಂದರ ಮೇಲೊಂದು ಕೂರುತ್ತವೆ, ಬಟ್ಟಲಾದರೆ ದೂರ ದೂರ ಸರಿಯುತ್ತವೆ, ಹೊಟ್ಟೆ ಉಬ್ಬಿದ ಹೂಜಿಯಾದರೆ ಎರಡನೆಯ ಗೆರೆ ಮೊದಲನೆಯದನ್ನು ಮೀರಿ ಹೊರಗೆ ಹೋಗುತ್ತದೆ. ಗೆರೆಗಳ ನಡುವಿನ ಅಂತರವೇ ಮುಂದೆ ಎಲ್ಲಿ ತೊಂದರೆ ಬರುತ್ತದೆ ಎಂಬುದನ್ನು ಹೇಳಿಬಿಡುತ್ತದೆ.

ಪಾತ್ರೆ ಮಣ್ಣಿನದೋ ಸಿಮೆಂಟಿನದೋ ಮರದ್ದೋ ಆಗಿದ್ದರೆ ನೀರನ್ನು ರಾತ್ರಿಯಿಡೀ ಹಾಗೆಯೇ ಬಿಡಿ. ಬೆಳಿಗ್ಗೆ ಹೊರಮೈ ತೇವವಾಗಿದ್ದರೆ ಮೇಣವೂ ಅದೇ ದಾರಿಯಲ್ಲಿ ಒಸರುತ್ತದೆ, ಒಳಮೈಗೆ ಶಾಖ ತಡೆಯುವ ಲೇಪ ಇಲ್ಲದೆ ಅದನ್ನು ಬಳಸಬಾರದು. ಮೇಣ ಎರೆಯುವ ಮೊದಲು ಪಾತ್ರೆ ಪೂರ್ತಿ ಒಣಗಿರಬೇಕು. ಉಳಿದ ಒಂದೆರಡು ಹನಿ ನೀರೂ ಬತ್ತಿಯನ್ನು ಚಟಪಟಗುಟ್ಟಿಸುತ್ತದೆ.

ಎಷ್ಟು ಬತ್ತಿ, ಎಲ್ಲೆಲ್ಲಿ

ಸುಮಾರು 9 ಸೆಂ.ಮೀ. ಅಗಲದವರೆಗೆ ಒಂದು ಬತ್ತಿ ನಿಭಾಯಿಸುತ್ತದೆ. ಅದಕ್ಕೂ ಅಗಲವಾದರೆ ಒಂದೇ ದೊಡ್ಡ ಬತ್ತಿಯ ಬದಲು ಎರಡು ಮೂರು ಚಿಕ್ಕ ಬತ್ತಿಗಳೇ ಮೇಲು. ದೊಡ್ಡ ಬತ್ತಿ ಎತ್ತರದ ಜ್ವಾಲೆ ಕೊಡುತ್ತದೆ, ಆ ಜ್ವಾಲೆಯ ಶಾಖದ ಬಹುಪಾಲು ಮೇಲಕ್ಕೇ ಹೋಗಿಬಿಡುತ್ತದೆ, ದೂರದ ಮೂಲೆಗೆ ತಲಪುವುದು ಅಲ್ಪ.

ಸಂಖ್ಯೆ ಮತ್ತು ಜಾಗ ಎರಡನ್ನೂ ನಕ್ಷೆಯ ಮೇಲೆ ತೀರ್ಮಾನಿಸಬಹುದು. 6, 7, 8 ಸೆಂ.ಮೀ. ಅಗಲದ ರಟ್ಟಿನ ಬಿಲ್ಲೆಗಳನ್ನು ಕತ್ತರಿಸಿಕೊಂಡು ನಡುವಿನ ಗೆರೆಯೊಳಗೆ ಹರಡಿ. ಮೇಲಿನ ಗೆರೆಯೊಳಗಲ್ಲ, ನಡುವಿನದರೊಳಗೆ. ಬಿಲ್ಲೆಗಳು ಒಂದನ್ನೊಂದು ಮುಟ್ಟಬೇಕು, ತುಸು ಮೇಲೆ ಬಿದ್ದರೂ ಸರಿ, ಗೋಡೆಯನ್ನು ಹೆಚ್ಚುಕಡಿಮೆ ಮುಟ್ಟಬೇಕು. ಪ್ರತಿ ಬಿಲ್ಲೆಯ ನಟ್ಟನಡುವೆ ಒಂದು ಬತ್ತಿ. ಹೀಗೆ ಮಾಡಿದಾಗ ಬತ್ತಿಯಿಂದ ಗೋಡೆಗಿರುವ ದೂರ ಬತ್ತಿಯಿಂದ ಬತ್ತಿಗಿರುವ ದೂರದ ಅರ್ಧದಷ್ಟು ತಾನಾಗಿಯೇ ಬರುತ್ತದೆ. ಎರಡು ಬತ್ತಿಗಳು 3 ಸೆಂ.ಮೀ.ಗಿಂತ ಹತ್ತಿರ ಬರಕೂಡದು, ಬಂದರೆ ಜ್ವಾಲೆಗಳು ಕೂಡಿಕೊಂಡು ಒಂದೇ ದೊಡ್ಡ ಉರಿಯಾಗುತ್ತವೆ. ಗೋಡೆಗೆ 2.5 ಸೆಂ.ಮೀ.ಗಿಂತ ಹತ್ತಿರವೂ ಬೇಡ.

ಒಂದು ಉದಾಹರಣೆ. ದೋಣಿಯಾಕಾರದ ಬಟ್ಟಲು: ಮೇಲೆ 24 × 12 ಸೆಂ.ಮೀ., ನಡು ಎತ್ತರದಲ್ಲಿ 20 × 10, ತಳದ ಹತ್ತಿರ 13 × 6. ನಡುವಿನ ಗೆರೆಯೊಳಗೆ 7 ಸೆಂ.ಮೀ.ಯ ಮೂರು ಬಿಲ್ಲೆಗಳು ಸಾಲಾಗಿ ಕೂರುತ್ತವೆ. ಒಂದು ನಟ್ಟನಡುವೆ, ಉಳಿದೆರಡು ಅದರಿಂದ 6.5 ಸೆಂ.ಮೀ. ಆಚೀಚೆ. ಈಗ ತಳದ ಗೆರೆ ನೋಡಿ. ಅದರ ಉದ್ದ 13 ಸೆಂ.ಮೀ., ಅಂದರೆ ನಡುವಿನಿಂದ ಪ್ರತಿ ಕಡೆಗೆ 6.5. ತುದಿಯ ಬತ್ತಿಗಳು ನೇರವಾಗಿ ಕೆಳಗಿಳಿದರೆ ಗೋಡೆಯ ಮೇಲೆಯೇ ಬಂದು ಕೂರುತ್ತವೆ. ಮೇಣ ಇಳಿದಂತೆ ಜ್ವಾಲೆ ಗೋಡೆಯನ್ನು ನೆಕ್ಕುತ್ತದೆ. ಹಾಗಾಗಿ ಅವನ್ನು ಒಂದೂವರೆ ಸೆಂ.ಮೀ. ಒಳಕ್ಕೆ ಎಳೆದು, ನಡುವಿನಿಂದ 5 ಸೆಂ.ಮೀ. ದೂರಕ್ಕೆ ತರಬೇಕು. ತಳದ ಹತ್ತಿರ ಆಗಲೂ ಗೋಡೆ 2.5 ಸೆಂ.ಮೀ.ಗಿಂತ ಸಮೀಪವೇ, ಅದಕ್ಕೆ ಮದ್ದು ಮುಂದೆ ಬಟ್ಟಲಿನ ಮಾತಿನಲ್ಲಿ ಬರುತ್ತದೆ. ಆಗ ಮೊದಲ ಸುತ್ತುಗಳಲ್ಲಿ ದೋಣಿಯ ಎರಡು ಮೊನೆಗಳಲ್ಲಿ ಮೇಣ ಉಳಿಯುತ್ತದೆ. ಉಳಿಯಲಿ. ಜ್ವಾಲೆ ಕೆಳಗಿಳಿದು ಗೋಡೆ ಬಿಸಿಯಾದಂತೆ ಅದರಲ್ಲಿ ಬಹುಪಾಲು ತಾನಾಗಿ ಕರಗಿ ಇಳಿಯುತ್ತದೆ, ಮೊನೆಯಲ್ಲಿ ಒಂದಿಷ್ಟು ಕೊನೆಗೂ ಉಳಿದರೆ ನಷ್ಟವೇನೂ ಇಲ್ಲ.

ಗಾತ್ರದ ಮಾತು ಈಗ. ಬಿಲ್ಲೆ 7 ಸೆಂ.ಮೀ. ಎಂದು ಪಟ್ಟಿಯಲ್ಲಿ 7 ಸೆಂ.ಮೀ.ಗೆ ಬರೆದಿರುವ ಬತ್ತಿಯನ್ನು ತಂದರೆ ಹೆಚ್ಚಾಗುತ್ತದೆ. ಪಟ್ಟಿಯ ಬತ್ತಿ ಒಂಟಿಯಾಗಿ ದುಡಿಯುವಂಥದ್ದು. ಇಲ್ಲಿ ಮೂರೂ ಒಂದಕ್ಕೊಂದು ಶಾಖ ಹಂಚಿಕೊಳ್ಳುತ್ತವೆ, ನಡುವಿನದಕ್ಕಂತೂ ಎರಡೂ ಕಡೆಯಿಂದ ಸಿಗುತ್ತದೆ. 5ರಿಂದ 6 ಸೆಂ.ಮೀ.ಗೆ ಹೇಳಿದ ಬತ್ತಿಯಿಂದ ಶುರುಮಾಡಿ, ಮೂರಕ್ಕೂ ಒಂದೇ ಗಾತ್ರ ಹಾಕಿ. ಎರಡು ಮೂರು ಸುತ್ತು ನೋಡಿದ ಮೇಲೆ ತುದಿಯವುಗಳನ್ನೋ ನಡುವಿನದನ್ನೋ ಒಂದು ಅಂಕಿ, ಅಂದರೆ ಪಟ್ಟಿಯಲ್ಲಿ ಒಂದು ಗಾತ್ರ, ಏರಿಸುವುದು, ಇಳಿಸುವುದು.

ಉರಿಯುತ್ತಿರುವಾಗ ಏನು ಕಾಣುತ್ತಿದೆ?

*ಎಲ್ಲ ಬತ್ತಿಗಳ ಸುತ್ತಲೂ ಬಾವಿ ತೋಡಿದಂತಾಗಿದೆ.* ಮೂರು ಸುತ್ತಿನ ನಂತರವೂ ಮಡುಗಳು ಒಂದನ್ನೊಂದು ಮುಟ್ಟಿಲ್ಲ, ಜ್ವಾಲೆ ಒಂದೂವರೆ ಸೆಂ.ಮೀ.ಗಿಂತ ಗಿಡ್ಡ, ಮಸಿ ಇಲ್ಲ. ಇದು ನಿಜವಾಗಿಯೂ ಚಿಕ್ಕ ಬತ್ತಿ. ಇಲ್ಲಿ ಮಾತ್ರ ಯೋಚಿಸದೆ ಎಲ್ಲವನ್ನೂ ಒಂದು ಅಂಕಿ ಏರಿಸಬಹುದು.

*ಮೂಲೆಗಳಲ್ಲಿ ಮಾತ್ರ ಮೇಣ ಉಳಿದಿದೆ.* 10 ಸೆಂ.ಮೀ. ಚೌಕದ ಪಾತ್ರೆಯಲ್ಲಿ ನಡುವಿನ ಬತ್ತಿಯಿಂದ ಗೋಡೆಗೆ 5 ಸೆಂ.ಮೀ., ಮೂಲೆಗೆ 7 ಸೆಂ.ಮೀ.ಗೂ ಹೆಚ್ಚು. ಗೋಡೆ ಮುಟ್ಟುವ ವೃತ್ತದ ಹೊರಗೆ, ನಾಲ್ಕು ಮೂಲೆಗಳಲ್ಲಿ, ಶೇಕಡಾ 21ರಷ್ಟು ಮೇಣ ಇರುತ್ತದೆ. ಅದನ್ನೆಲ್ಲ ಕರಗಿಸಲು ಹೊರಟ ಒಂಟಿ ಬತ್ತಿ ಗೋಡೆಯ ನಡುಭಾಗವನ್ನು ಸುಡುತ್ತದೆ. ಇಲ್ಲಿ ಗಾತ್ರ ಏರಿಸಬೇಡಿ. ಪಾತ್ರೆ ಚಿಕ್ಕದಾದರೆ ಮೂಲೆಯ ಮೇಣವನ್ನು ಒಪ್ಪಿಕೊಳ್ಳಿ, ಅರ್ಧ ದಾಟಿದ ಮೇಲೆ ಅದರಲ್ಲಿ ಬಹಳಷ್ಟು ಇಳಿಯುತ್ತದೆ. ದೊಡ್ಡದಾದರೆ ಒಂದನ್ನು ತೆಗೆದು ಎರಡು ಚಿಕ್ಕ ಬತ್ತಿಗಳನ್ನು ಕರ್ಣದ ಮೇಲೆ ಇಡಿ, ಇಲ್ಲವೇ ನಾಲ್ಕು ಚೌಕಗಳಾಗಿ ಭಾಗ ಮಾಡಿ ನಾಲ್ಕು ಬತ್ತಿ ಇಡಿ.

ಹೃದಯದಾಕಾರದ ಪಾತ್ರೆಯ ಗೋಳು ಇನ್ನೊಂದು ಬಗೆಯದು. ಎರಡು ಉಬ್ಬುಗಳಿಗೆ ಒಂದೊಂದು, ಕೆಳಗಿನ ಮೊನೆಯ ಕಡೆಗೆ ಒಂದು, ಹೀಗೆ ಮೂರು ಬತ್ತಿ ಇಡುವುದು ವಾಡಿಕೆ. ಎಲ್ಲರ ಕಣ್ಣೂ ಮೊನೆಯ ಮೇಲಿರುತ್ತದೆ. ಆದರೆ ಅಪಾಯ ಇರುವುದು ಮೇಲೆ ಒಳಕ್ಕೆ ಚಾಚಿದ ಸೀಳಿನಲ್ಲಿ. ಗೋಡೆ ಅಲ್ಲಿ ಎರಡು ಜ್ವಾಲೆಗಳ ನಡುವೆ ಬಂದು ನಿಲ್ಲುತ್ತದೆ, ಎರಡೂ ಕಡೆಯಿಂದ ಕಾಯುತ್ತದೆ. ಪಾತ್ರೆ ಗಾಜಿನದಾದರೆ ಬಿರುಕು ಬಿಡುವುದು ಅಲ್ಲಿಂದಲೇ. ಮೇಲಿನ ಎರಡನ್ನೂ ಸೀಳಿನಿಂದ ಹೊರಗೋಡೆಯ ಕಡೆಗೆ ತುಸು ಸರಿಸಿ, ಮೊನೆಯದನ್ನು ಮೊನೆಗೆ ತಳ್ಳದೆ ಅಗಲ 6 ಸೆಂ.ಮೀ. ಸಿಗುವಲ್ಲಿ ನಿಲ್ಲಿಸಿ.

*ಜ್ವಾಲೆ ಎತ್ತರ, ಕುಣಿತ, ಮಸಿ, ಬತ್ತಿಯ ತುದಿಯಲ್ಲಿ ಕರಿಗಂಟು.* ಇವುಗಳಲ್ಲಿ ಕರಿಗಂಟನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಬತ್ತಿ ಸುಡಬಲ್ಲದ್ದಕ್ಕಿಂತ ಹೆಚ್ಚು ಮೇಣವನ್ನು ಮೇಲಕ್ಕೆ ಎಳೆದಾಗ, ಸುಡದೆ ಉಳಿದ ಇಂಗಾಲ ತುದಿಯಲ್ಲಿ ಮೆಣಸಿನ ಕಾಳಿನಷ್ಟು ದಪ್ಪಕ್ಕೆ ಕಟ್ಟುತ್ತದೆ. ಮೊದಲು ಕೆಂಪಗೆ ಹೊಳೆಯುತ್ತದೆ, ಜ್ವಾಲೆ ಅದರ ಸುತ್ತ ಕವಲೊಡೆದು ಎರಡು ನಾಲಗೆಯಾಗುತ್ತದೆ, ಒಂದು ನಾಲಗೆಯ ತುದಿಯಿಂದ ಕಪ್ಪು ದಾರದಂತೆ ಹೊಗೆ ಏಳುತ್ತದೆ. ಆಮೇಲೆ ಗಂಟು ಕಳಚಿ ಮಡುವಿಗೆ ಬಿದ್ದು ತೇಲುತ್ತಾ ಗೋಡೆಯ ಕಡೆ ಹೋಗುತ್ತದೆ. ಅಲ್ಲಿ ಅದೇ ಒಂದು ಚಿಕ್ಕ ಬತ್ತಿಯಾಗಿ ಹೊತ್ತಿಕೊಂಡರೆ ಗಾಜಿಗೆ ಅಂಟಿಕೊಂಡ ಎರಡನೆಯ ಜ್ವಾಲೆ ಶುರುವಾಯಿತೆಂದೇ ಲೆಕ್ಕ. ಮೇಣದ ಮೇಲೆ ಅಲಂಕಾರಕ್ಕೆಂದು ಒಣಹೂವು ಇಟ್ಟಿದ್ದರೆ ಅದಕ್ಕೂ ಇದೇ ಗತಿ.

ನಾಲ್ಕು ಗಂಟೆಯ ಸುತ್ತಿನ ಕೊನೆಗೆ ಚಿಕ್ಕ ಗಂಟು ಕಂಡರೆ ಗಾಬರಿ ಬೇಡ, ಕೆಲವು ಸುಗಂಧಗಳ ಸ್ವಭಾವವೇ ಅದು. ಮೊದಲ ಗಂಟೆಯಲ್ಲೇ ಕಟ್ಟಿದರೆ, ಜೊತೆಗೆ ಮಡುವಿನ ಆಳ 15 ಮಿ.ಮೀ. ಮೀರಿದ್ದರೆ, ಬತ್ತಿ ದೊಡ್ಡದು. ಮಡು 6ರಿಂದ 12 ಮಿ.ಮೀ. ಆಳವಿದ್ದರೆ ಹಿತ. ಹೊರಗೋಡೆಗೆ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದಾಗ 60 ಡಿಗ್ರಿ ಸೆಲ್ಸಿಯಸ್ ದಾಟಿದರೆ ನಾನು ಆ ಬತ್ತಿಯ ಮೇಲೆ ಇನ್ನೊಂದು ಸುತ್ತು ವ್ಯರ್ಥ ಮಾಡುವುದಿಲ್ಲ. ಹೊಳೆಯುವ ಲೋಹದ ಮೇಲೆ ಆ ಉಪಕರಣ ಸುಳ್ಳು ಹೇಳುತ್ತದೆ, ಕಾಗದದ ಟೇಪಿನ ತುಂಡು ಅಂಟಿಸಿ ಅದರ ಮೇಲೆ ಅಳೆಯಿರಿ.

*ಹಲವು ಬತ್ತಿಗಳಲ್ಲಿ ಒಂದು ಮಾತ್ರ ಮುಳುಗುತ್ತದೆ.* ಎರಡು ಚೆನ್ನಾಗಿ ಉರಿಯುತ್ತಿವೆ, ಮೂರನೆಯದು ಗಿಡ್ಡವಾಗಿ, ಕೊನೆಗೆ ಕರಗಿದ ಮೇಣದಲ್ಲಿ ಮುಳುಗಿ ಆರುತ್ತದೆ. ಅದನ್ನೊಂದೇ ದಪ್ಪ ಮಾಡುವ ಮೊದಲು ಮೂರು ವಿಷಯ ನೋಡಿ. ಮೂರನ್ನೂ ಒಂದೇ ಎತ್ತರಕ್ಕೆ ಕತ್ತರಿಸಿದ್ದೀರಾ? ಪಾತ್ರೆ ಆ ಕಡೆಗೆ ವಾಲಿದೆಯೇ? ಆ ಬತ್ತಿಗೆ ಮೊದಲೇ ಮೇಣ ಕುಡಿಸಿತ್ತೇ? ಒಣ ಬತ್ತಿಯನ್ನು ಹಾಗೇ ನೆಟ್ಟರೆ ಎಳೆಗಳ ನಡುವೆ ಗಾಳಿ ಉಳಿದು ಮೇಣದ ಹರಿವು ಅಲ್ಲಲ್ಲಿ ಕಡಿಯುತ್ತದೆ. ಮೂರೂ ಸರಿಯಿದ್ದು ಮತ್ತೆ ಅದೇ ಜಾಗದಲ್ಲೇ ಮುಳುಗಿದರೆ, ಅಕ್ಕಪಕ್ಕದ ಎರಡು ಬತ್ತಿಗಳು ಅಗತ್ಯಕ್ಕಿಂತ ಹೆಚ್ಚು ಮೇಣ ಕರಗಿಸಿ ಇದರ ಕಡೆಗೆ ಹರಿಸುತ್ತಿರಬಹುದು. ಹಾಗಿದ್ದಾಗ ಅವೆರಡನ್ನು ಇಳಿಸುವುದೇ ಮದ್ದು.

*ಜ್ವಾಲೆಗಳು ಒಂದರ ಕಡೆಗೊಂದು ಬಾಗುತ್ತವೆ, ಇಲ್ಲವೇ ಒಂದು ಗೋಡೆಯ ಕಡೆಗೇ ತಿರುಗಿ ನಿಲ್ಲುತ್ತದೆ.* ಚಪ್ಪಟೆಯಾಗಿ ಹೆಣೆದ ಬತ್ತಿ ಉರಿಯುವಾಗ ಒಂದು ಕಡೆಗೆ ಸುರುಳಿಯಂತೆ ಬಾಗುತ್ತದೆ. ಬಾಗಿದ ತುದಿ ಜ್ವಾಲೆಯ ಹೊರಗಿನ ಹೆಚ್ಚು ಬಿಸಿಯಾದ ಭಾಗಕ್ಕೆ ಬಂದು ಸುಟ್ಟುಹೋಗಲಿ ಎಂದೇ ಹಾಗೆ ಹೆಣೆಯುತ್ತಾರೆ. ಹೆಣೆದ ಬತ್ತಿ ಬರುವ ಮೊದಲು ಮೇಣದಬತ್ತಿಯ ಕರಿತುದಿಯನ್ನು ಆಗಾಗ ಕತ್ತರಿಸುತ್ತ ಕೂರಬೇಕಿತ್ತು. ಆದರೆ ಬಾಗುವ ದಿಕ್ಕನ್ನು ಗಮನಿಸದೆ ನೆಟ್ಟರೆ ಮಡು ಆ ಕಡೆಗೇ ಒಂದು ಸೆಂ.ಮೀ. ಸರಿಯುತ್ತದೆ. ಮೊದಲ ಸುತ್ತಿನಲ್ಲಿ ಪ್ರತಿ ಬತ್ತಿ ಯಾವ ಕಡೆಗೆ ಬಾಗಿತು ಎಂದು ನಕ್ಷೆಯಲ್ಲೇ ಬಾಣದ ಗುರುತು ಹಾಕಿ. ಉದ್ದನೆಯ ಪಾತ್ರೆಯಲ್ಲಿ ತುದಿಯ ಬತ್ತಿಗಳು ಮೊನೆಯ ಕಡೆಗೆ ಬಾಗುವಂತೆ ತಿರುಗಿಸಿ ನೆಟ್ಟರೆ, ಗಾತ್ರ ಬದಲಿಸದೆಯೇ ಮೊನೆಯ ಮೇಣಕ್ಕೆ ಶಾಖ ಮುಟ್ಟುತ್ತದೆ. ಇಷ್ಟು ಅಗ್ಗದ ಪರಿಹಾರ ಈ ಕೆಲಸದಲ್ಲಿ ಇನ್ನೊಂದಿಲ್ಲ.

*ಅರ್ಧದವರೆಗೆ ಚೆನ್ನ, ಆಮೇಲೆ ಕೆಟ್ಟಿತು.* ಮೊದಲ ಸುತ್ತಿನಲ್ಲೇ ಮಡು ಅಂಚು ಮುಟ್ಟಿರದಿದ್ದೂ ಈ ದೂರು ಬಂದರೆ, ಪಾತ್ರೆಯ ಗೋಡೆ ನೇರವಾಗಿಲ್ಲ ಎಂದು ಬಹುಮಟ್ಟಿಗೆ ನೋಡದೆಯೇ ಹೇಳಬಹುದು.

ಕೆಳಗೆ ಕಿರಿದಾಗುವ ಪಾತ್ರೆಯಲ್ಲಿ, ಮೇಲಿನ ಅಗಲಕ್ಕೆ ಸರಿಹೋದ ಬತ್ತಿ ತಳದಲ್ಲಿ ಅತಿಯಾಗುತ್ತದೆ. ನಡುವಿನ ಗೆರೆಗೆ ಹೊಂದುವ ಬತ್ತಿ ಹಾಕಿ, ಮೇಲೆ ಅಂಟಿಕೊಂಡು ಉಳಿಯುವ ಮೇಣವನ್ನು ಮೊದಲ ಸುತ್ತುಗಳಲ್ಲಿ ಸಹಿಸಿಕೊಳ್ಳುವುದು ಒಂದೇ ದಾರಿ.

ಬಟ್ಟಲಿನಲ್ಲಿ ಹಲವು ಬತ್ತಿ ಇದ್ದರೆ ಇದೇ ತೊಂದರೆಯನ್ನು ಉಪಕಾರವಾಗಿ ತಿರುಗಿಸಿಕೊಳ್ಳಬಹುದು. ಹೊರಗಿನ ಬತ್ತಿಗಳ ತಳ ಇಳಿಜಾರಿನ ಮೇಲೆ, ನಡುವಿನದಕ್ಕಿಂತ ಎತ್ತರದಲ್ಲಿ ಕೂರುತ್ತದೆ. ಮೇಣ ಇಳಿಯುತ್ತಾ ಅಲ್ಲಿಗೆ ಬಂದಾಗ ಅವು ಮೊದಲು ಆರುತ್ತವೆ, ಅಷ್ಟು ಹೊತ್ತಿಗೆ ಬಟ್ಟಲೂ ಕಿರಿದಾಗಿರುತ್ತದೆ, ಉಳಿದದ್ದಕ್ಕೆ ನಡುವಿನ ಒಂದೇ ಬತ್ತಿ ಸಾಕು. ಆದರೆ ಅವು ಆರಬೇಕಾದ ಹೊತ್ತಿಗೇ ಆರಬೇಕು. ಬತ್ತಿಯ ತಳದ ಲೋಹದ ಬಿಲ್ಲೆಗೆ ಒಂದು ಚಿಕ್ಕ ಕೊಳವೆ ಇರುತ್ತದಲ್ಲ, ಮೇಣ ಆ ಕೊಳವೆಯ ಬಾಯಿಗಿಂತ ಕೆಳಗಿಳಿದರೆ ಬತ್ತಿಗೆ ಮೇಣ ಸಿಗದೆ ಜ್ವಾಲೆ ಸಾಯುತ್ತದೆ. ಹೊರಗಿನ ಬತ್ತಿಗಳಿಗೆ ಉದ್ದ ಕೊಳವೆಯ ಬಿಲ್ಲೆ ಹಾಕಿ. ಗೋಡೆ 2.5 ಸೆಂ.ಮೀ. ಸಮೀಪಕ್ಕೆ ಬರುವ ಮೊದಲೇ ಆ ಜ್ವಾಲೆ ತಾನಾಗಿ ಆರುವಂತಿರಬೇಕು. ಕೊಳವೆ ಅಷ್ಟು ಉದ್ದ ಸಿಗದಿದ್ದರೆ ಬತ್ತಿಯನ್ನೇ ಇನ್ನಷ್ಟು ಒಳಕ್ಕೆ ತನ್ನಿ. ಇಳಿಜಾರಿನಲ್ಲಿ ಬಿಲ್ಲೆಯನ್ನು ಬಿಸಿ ಅಂಟಿನಿಂದ ಕೂರಿಸಬೇಡಿ, ಕೊನೆಯ ಸುತ್ತುಗಳ ಕಾವಿಗೆ ಅದು ಮೆತ್ತಗಾಗಿ ಉರಿಯುವ ಬತ್ತಿ ಜಾರಿ ಗೋಡೆಗೆ ಒರಗುತ್ತದೆ. ಹೆಚ್ಚು ಶಾಖ ತಾಳುವ ಸಿಲಿಕೋನ್ ಬಳಸಿ.

ಹೊಟ್ಟೆ ಅಗಲ, ಬಾಯಿ ಕಿರಿದು ಇರುವ ಪಾತ್ರೆಯಲ್ಲಿ ಕಥೆ ತಿರುವುಮುರುವು. ಬಾಯಿಯ ಹತ್ತಿರ ಇರುವಷ್ಟು ಹೊತ್ತು ಜ್ವಾಲೆಗೆ ಗಾಳಿ ಧಾರಾಳ. ಒಳಗೆ ಇಳಿದ ಮೇಲೆ ಮೇಲಕ್ಕೆ ಹೋಗುವ ಬಿಸಿ ಗಾಳಿಯೂ ಕೆಳಗೆ ಬರಬೇಕಾದ ಹೊಸ ಗಾಳಿಯೂ ಒಂದೇ ಕಿರಿದಾದ ಬಾಯಲ್ಲಿ ನೂಕಾಡುತ್ತವೆ. ಜ್ವಾಲೆ ಕುಗ್ಗುತ್ತದೆ, ಹಠಾತ್ತನೆ ಏಳುತ್ತದೆ, ಮತ್ತೆ ಕುಗ್ಗುತ್ತದೆ, ಭುಜದ ಒಳಮೈಯಲ್ಲಿ ಮಸಿ ಕೂರುತ್ತದೆ. ಹೊಟ್ಟೆಯ ಅಗಲಕ್ಕೆಂದು ಎರಡು ಬತ್ತಿ ಹಾಕಿದರೆ ಇರುವ ಗಾಳಿಯನ್ನೇ ಇಬ್ಬರು ಹಂಚಿಕೊಂಡಂತಾಗಿ ಇನ್ನೂ ಕೆಡುತ್ತದೆ. ಒಂದೇ ಬತ್ತಿ, ಚಿಕ್ಕದು, ಮೇಣವೂ ಹೊಟ್ಟೆಯ ಅತಿ ಅಗಲದ ಮಟ್ಟಕ್ಕಿಂತ ಮೇಲೆ ಬೇಡ.

ಬತ್ತಿಯ ಜಾತಿ

ಇದರ ಬಗ್ಗೆ ಜನ ಬಹಳ ವಾದ ಮಾಡುತ್ತಾರೆ, ನನಗೆ ಅಷ್ಟು ತೂಕದ ವಿಷಯವೆಂದು ಕಾಣುವುದಿಲ್ಲ. ಒಂದು ಜಾತಿ ಹಿಡಿದು ಅದರ ಮೂರು ನಾಲ್ಕು ಗಾತ್ರಗಳನ್ನು ತರಿಸಿಕೊಳ್ಳಿ, ಅಷ್ಟರಲ್ಲೇ ಏರಿಳಿಸಿ. ಸಿಡಿ, ಇಕೋ, ಎಲ್‌ಎಕ್ಸ್, ಎಚ್‌ಟಿಪಿ ಮುಂತಾದ ಹೆಸರಿನಲ್ಲಿ ಮಾರುವ ಬತ್ತಿಯ ಸಾಲುಗಳ ಅಂಕಿಗಳು ಆಯಾ ಸಾಲಿನೊಳಗೆ ಮಾತ್ರ ಅರ್ಥ ಕೊಡುತ್ತವೆ. ಸಿಡಿ 12 ಮತ್ತು ಇಕೋ 12 ಒಂದೇ ಶಾಖದ ಬತ್ತಿಗಳಲ್ಲ, ಅಂಕಿ ಮಿಲಿಮೀಟರೂ ಅಲ್ಲ.

ಮೇಣಕ್ಕೆ ತಕ್ಕಂತೆ ಒಂದಿಷ್ಟು ವ್ಯತ್ಯಾಸ ಇದ್ದೇ ಇದೆ. ಜೇನುಮೇಣ ಕರಗುವುದು 62ರಿಂದ 64 ಡಿಗ್ರಿಗೆ, ಕರಗಿದ ಮೇಲೂ ಮಂದ. ಅದಕ್ಕೆ ಚೌಕವಾಗಿ ಹೆಣೆದ ಬತ್ತಿ, ತುಸು ದೊಡ್ಡ ಗಾತ್ರ. ಪಾತ್ರೆಗೆಂದು ಮಾಡಿದ ಸೋಯಾ ಮೇಣ 50 ಡಿಗ್ರಿಯ ಆಸುಪಾಸಿನಲ್ಲೇ ಕರಗಿದರೂ ಅದಕ್ಕೆ ಅದೇ ಅಗಲದ ಪ್ಯಾರಾಫಿನ್‌ಗಿಂತ ಹೆಚ್ಚಿನ ಬತ್ತಿ ಬೇಕಾಗುವುದುಂಟು. ಮೇಣ ಬದಲಿಸಿದರೆ ಹಿಂದಿನ ಲೆಕ್ಕವೆಲ್ಲ ಹೊಸದಾಗಿ ಶುರು. ಕರಗಿದ ಮೇಣದಲ್ಲಿ ಮೆತ್ತಗಾಗಿ ಬೀಳುವ ಬತ್ತಿಗೆ ನಡುವೆ ಕಾಗದದ ಅಥವಾ ಸತುವಿನ ಎಳೆ ಇರುವ ಬತ್ತಿ ಬದಲಿ. ಎಲ್ಲೋ ಉಳಿದಿದ್ದ ಹಳೆಯ ದಾಸ್ತಾನಿನ ಲೋಹದೆಳೆ ಬತ್ತಿ ಸಿಕ್ಕಿದರೆ ಅದರ ಲೋಹದ ತುದಿಯನ್ನು ಬಿಳಿ ಕಾಗದಕ್ಕೆ ಉಜ್ಜಿ ನೋಡಿ. ಪೆನ್ಸಿಲ್ಲಿನಂತೆ ಬೂದು ಗೆರೆ ಮೂಡಿದರೆ ಅದು ಸೀಸ, ಎಸೆಯಿರಿ. ಸೀಸದೆಳೆಯ ಬತ್ತಿಗಳನ್ನು ಅಮೆರಿಕ 2003ರಲ್ಲಿ ನಿಷೇಧಿಸಿತು.

ಮರದ ಬತ್ತಿ ಉದ್ದನೆಯ ಪಾತ್ರೆಗೆ ಚೆಂದ ಒಪ್ಪುತ್ತದೆ, ಅದರ ಮಡುವೂ ವೃತ್ತವಾಗದೆ ನೀಳವಾಗಿರುತ್ತದೆ. ಆದರೆ ಅದನ್ನು 3ರಿಂದ 5 ಮಿ.ಮೀ.ಗೆ ಇಳಿಸದೆ ಹಚ್ಚಿದರೆ ಉರಿಯುವುದಕ್ಕಿಂತ ಆರುವುದೇ ಹೆಚ್ಚು.

ಪ್ರತಿ ಸಲ ಹೊಸದಾಗಿ ಎರೆಯಬೇಕಿಲ್ಲ

ದೊಡ್ಡ ಪಾತ್ರೆಯಲ್ಲಿ ಮೇಣವೇ ಒಂದು ಕಿಲೋ ಹಿಡಿಯುತ್ತದೆ. ಪ್ರತಿ ಪರೀಕ್ಷೆಗೂ ಹೊಸದಾಗಿ ಕರಗಿಸಿ ಎರೆಯುತ್ತ ಹೋದರೆ ತಾಳ್ಮೆ ಮೊದಲು ಮುಗಿಯುತ್ತದೆ. ಪಾತ್ರೆಗೆ ಬತ್ತಿಯಿಲ್ಲದೆ ಮೇಣ ಎರೆದು ಬಿಗಿಯಾಗಲು ಬಿಡಿ. ಬಿಸಿ ಮಾಡಿದ ತೆಳು ಲೋಹದ ಕಡ್ಡಿಯಿಂದ ನಕ್ಷೆಯ ಗುರುತಿನಲ್ಲಿ ನೇರವಾಗಿ ರಂಧ್ರ ಕೊರೆದು, ಮೇಣ ಕುಡಿಸಿದ ಬತ್ತಿಯನ್ನು ಒಳಗಿಳಿಸಿ. ಎರಡು ಮೂರು ಸುತ್ತು ಉರಿಸಿ ನೋಡಿ, ಸರಿಯೆನಿಸದಿದ್ದರೆ ಮೇಣ ಮೆತ್ತಗಿರುವಾಗಲೇ ಬತ್ತಿ ಎಳೆದು ಇನ್ನೊಂದು ನೆಡಿ. ಜಾಗ ತಪ್ಪಾಗಿದ್ದರೆ ರಂಧ್ರ ಮುಚ್ಚಿ ಪಕ್ಕದಲ್ಲಿ ಕೊರೆಯಿರಿ. ಜಾಗ ಮತ್ತು ಗಾತ್ರ ಮೇಲ್ಭಾಗದಲ್ಲಿ ನಿಶ್ಚಯವಾದ ಮೇಲೆ ಬತ್ತಿಯ ತಳದ ಲೋಹದ ಬಿಲ್ಲೆ ಅಂಟಿಸಿ ಹೊಸದಾಗಿ ಎರೆದು, ಮೊದಲ ಸುತ್ತಿನಿಂದ ಕೊನೆಯವರೆಗೆ ಒಂದನ್ನಾದರೂ ಪೂರ್ತಿ ಉರಿಸಲೇಬೇಕು. ಬಿಲ್ಲೆಯಿಲ್ಲದ ಬತ್ತಿಯನ್ನು ಮಾತ್ರ ತಳದವರೆಗೆ ಉರಿಸಬೇಡಿ.

ಪ್ರತಿ ಸುತ್ತಿಗೆ ಒಂದು ಸಾಲು ಬರೆದರೆ ಸಾಕು: ಎಷ್ಟು ಹೊತ್ತು, ಪ್ರತಿ ಬತ್ತಿಯ ಮಡು ಎಷ್ಟು ಅಗಲ ಮತ್ತು ಆಳ, ಜ್ವಾಲೆಯ ಎತ್ತರ, ಮಸಿ ಎಲ್ಲಿ, ಗೋಡೆಯ ಅತಿ ಬಿಸಿ ಜಾಗ ಯಾವುದು. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಬತ್ತಿಯನ್ನೂ ಸುಗಂಧವನ್ನೂ ಒಟ್ಟಿಗೆ ಬದಲಿಸಿ ಫಲಿತಾಂಶ ಸುಧಾರಿಸಿದರೆ, ಯಾವುದರಿಂದ ಎಂದು ಯಾರಿಗೂ ಗೊತ್ತಾಗುವುದಿಲ್ಲ.

ಪರೀಕ್ಷೆಯ ಹೊತ್ತಿನಲ್ಲಿ ಪಾತ್ರೆಯ ಬಾಯಿ ಮುಚ್ಚುವಷ್ಟು ದೊಡ್ಡ ಲೋಹದ ತಟ್ಟೆ ಕೈಗೆಟುಕುವಲ್ಲಿ ಇರಲಿ. ಮಡುವಿಗೇ ಬೆಂಕಿ ಹೊತ್ತಿಕೊಂಡರೆ ಅದನ್ನು ಮುಚ್ಚಿ ಸುಮ್ಮನೆ ಬಿಡಬೇಕು, ತಣಿಯುವವರೆಗೆ ತೆಗೆಯಬಾರದು, ಪಾತ್ರೆಯನ್ನು ಎತ್ತಬಾರದು. ನೀರು ಮಾತ್ರ ಎಂದೂ ಹಾಕಬಾರದು. ಅದು ಕಾದ ಮೇಣದ ಕೆಳಗಿಳಿದು ಒಮ್ಮೆಲೇ ಆವಿಯಾಗಿ, ಉರಿಯುವ ಮೇಣವನ್ನು ಕೋಣೆಗೆಲ್ಲ ಎರಚುತ್ತದೆ.

ಕೈಬಿಡಬೇಕಾದ ಪಾತ್ರೆಗಳು

ಯಾವ ಬತ್ತಿಯಿಂದಲೂ ಸರಿಹೋಗದ ಪಾತ್ರೆಗಳಿವೆ. ಬಾಯಿ ಹೊಟ್ಟೆಯ ಮೂರನೇ ಎರಡು ಭಾಗಕ್ಕಿಂತ ಕಿರಿದಾದವು, ಎಲ್ಲೂ 5 ಸೆಂ.ಮೀ. ಅಗಲ ಸಿಗದ ತೆಳು ಸೀಳಿನಂಥವು, ತೆಳು ಕಾಲಿನ ಮೇಲೆ ನಿಂತ ಗಾಜಿನ ಬಟ್ಟಲುಗಳು, ಕೂದಲೆಳೆಯಷ್ಟಾದರೂ ಬಿರುಕು ಇರುವಂಥವು, ಲೇಪವಿಲ್ಲದ ಮರದವು, ಪ್ಲಾಸ್ಟಿಕ್ಕಿನವು. ಇವುಗಳಲ್ಲಿ ಚಿಕ್ಕ ಬತ್ತಿ ಮುಳುಗುತ್ತದೆ, ಅದಕ್ಕಿಂತ ಒಂದು ಅಂಕಿ ಮೇಲಿನದು ಗೋಡೆ ಸುಡುತ್ತದೆ, ನಡುವೆ ಇನ್ನೊಂದು ಗಾತ್ರ ಇರುವುದೇ ಇಲ್ಲ. ಸುಗಂಧವೇ ಮುಖ್ಯವಾಗಿದ್ದು ಪಾತ್ರೆ ಗಾಜಿನದೋ ಪಿಂಗಾಣಿಯದೋ ಆಗಿ, ತಳ ಚಪ್ಪಟೆಯಾಗಿ, ಬಿರುಕಿಲ್ಲದಿದ್ದರೆ, ಬತ್ತಿಯಿಲ್ಲದೆ ಮೇಣ ತುಂಬಿ ಮೇಣ ಕರಗಿಸುವ ವಿದ್ಯುತ್ ತಟ್ಟೆಯ ಮೇಲಿಡಬಹುದು. ಕೆಳಗಿನಿಂದ ಬರುವ ಆ ಹದವಾದ ಕಾವಿಗೆ ಮೂಲೆಯೂ ಒಂದೇ, ನಡುವೂ ಒಂದೇ.